ನೀವೂ ಬರ್ರಲ್ಲ!

ಹಂಪಯ್ಯನಿಗೆ ಒಂದು ಚಟವಿತ್ತು. ಎಲೆಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ, ಕರೆಯುವ ಚಟ. ಊಟಕ್ಕೆ ಕೂತಾಗ ಬಾಗಿಲಲ್ಲಿ ಯಾರ ನೆರಳು ಬಿದ್ದರೂ "ಬರ್ರಿ, ಉಣ್ಣೂಣು" ಅನ್ನುತ್ತಿದ್ದ. ಊರಿಗೆ ಹೊರಟಾಗ ಎದುರಾದವರಿಗೆಲ್ಲ "ನೀವೂ ಬರ್ರಲ್ಲ" ಅನ್ನುತ್ತಿದ್ದ. ರಾಯಚೂರು ಕಡೆಯ ಮಂದಿಗೆ ಇದೊಂದು ಮರ್ಯಾದೆ. ಕರೆಯುವುದು ಇವರ ಕೆಲಸ. "ಇಲ್ರಿ, ನೀವು ಹೋಗಿಬರ್ರಿ, ನಮಗ ಮುಟ್ಟಿದಂಗ ಆತು" ಎಂದು ಬಿಡಿಸಿಕೊಳ್ಳುವುದು ಅವರ ಕೆಲಸ. ಹೈದರಾಬಾದಿಗೆ ಬಂದು ಇಪ್ಪತ್ತೈದು ವರ್ಷವಾದರೂ ಹಂಪಯ್ಯ ಈ ಪದ್ಧತಿ ಬಿಟ್ಟಿರಲಿಲ್ಲ. ಇಷ್ಟು ವರ್ಷ ಎದುರಿನವರೂ ತಮ್ಮ ಪಾಲಿನ ಮಾತನ್ನು ತಪ್ಪದೆ ಆಡಿ ಅವನನ್ನು ಕಾಪಾಡಿದ್ದರು.

ಕಾಪಾಡದವರು ಸಿಕ್ಕಿದ್ದು ಆ ಶುಕ್ರವಾರ ಬೆಳಿಗ್ಗೆ. ಹಾಲಿನ ಪಾಕೀಟು ಹಿಡಿದುಕೊಂಡು ಹಿಮಾಯತ್‌ನಗರದ ತನ್ನ ಹಳೆಯ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದ. ಕೆಳಗಿನ ಮನೆಯ ತುಳಸಾಬಾಯಿ ಮೆಟ್ಟಿಲ ಮೇಲೇ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಎಪ್ಪತ್ತರ ಒಂಟಿ ಜೀವ, ಇಡೀ ಕಟ್ಟಡಕ್ಕೆ ಕಾಕು. ಮನೆಯೊಳಗೆ ಅಷ್ಟು ಜಾಗವಿದ್ದರೂ ಈಚೆಗೆ ಕೆಲವು ದಿನದಿಂದ ಅವರು ದಿನಾ ಬೆಳಿಗ್ಗೆ ಅಲ್ಲೇ ಕೂಡುತ್ತಿದ್ದರು.

"ಏನ್ ಹಂಪಯ್ಯ, ಭಾಳ ಖುಷ್ಯಾಗ ಅದಿ?"

"ನಾಳೆ ವಿಕಾರಾಬಾದ್ ಕಡೆ ರಿಸಾರ್ಟಿಗೆ ಹೊಂಟೀವಿ ಕಾಕು. ನಮ್ಮ ಲಗ್ನ ಆಗಿ ಇಪ್ಪತ್ತೈದು ವರ್ಷ ಆತು." ಇಷ್ಟಕ್ಕೆ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾಲಿಗೆ ತಾನಾಗಿ ಮುಂದುವರಿಯಿತು. "ನೀವೂ ಬರ್ರಲ್ಲ!"

ಕಾಕು ಮೆಂತ್ಯದ ಕಟ್ಟು ಕೆಳಗಿಟ್ಟರು. "ಆತಪ್ಪ. ನೀನೂ ಕರದಿ ಅಂದ್ರ ಇನ್ನ ಚಿಂತಿಲ್ಲ. ಎಷ್ಟೊತ್ತಿಗಿ ತಯಾರಾಗ್ಲಿ?"

ಹಂಪಯ್ಯನ ಕೈಯಿಂದ ಹಾಲಿನ ಪಾಕೀಟು ಜಾರಿತು.

ಅವನು ಬೆಚ್ಚಿಬೀಳುವುದಕ್ಕೆ ಕಾರಣವಿತ್ತು. ಈ ಇಪ್ಪತ್ತೈದು ವರ್ಷ ರಾಯಚೂರು, ಸಿಂಧನೂರು, ಮಾನ್ವಿಯಿಂದ ಆಸ್ಪತ್ರೆಗೆ, ಪರೀಕ್ಷೆಗೆ, ಪಾಸ್‌ಪೋರ್ಟಿಗೆ ಅಂತ ಬಂದವರೆಲ್ಲ ಇಳಿದದ್ದು ಇವನ ಮನೆಯಲ್ಲೇ. ಅವರಿಗೆಲ್ಲ ಚಹಾ ಕಾಸಿ, ರೊಟ್ಟಿ ಬಡಿದವಳು ಹೆಂಡತಿ ಕಮಲಾಕ್ಷಿ. "ಉಡುಗೊರಿ ಏನ್ ಬೇಕು?" ಅಂದದ್ದಕ್ಕೆ ಅವಳು ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ಎರಡು ದಿನ ಯಾರರ ಮಾಡಿದ ಚಹಾ ನಾ ಕುಂತಲ್ಲೇ ಕುಡೀಬೇಕು" ಅಂದಿದ್ದಳು. ಅವಳು, ಅವನು, ಮಗಳು ಶುಭಾ ಮೂವರಿಗೂ ಒಂದು ಕೋಣೆ ಬುಕ್ ಆಗಿತ್ತು. ಬುಕ್ ಮಾಡಿದ ದಿನವೇ ಬೆರಳು ತೋರಿಸಿ ಹೇಳಿದ್ದಳು: "ನೀವು ಮಾತ್ರ ಯಾರನ್ನೂ ಕರೀಬ್ಯಾಡ್ರಿ. ಕರದ್ರ ನೋಡ್ರಿ ಮತ್ತ!" ಆ 'ನೋಡ್ರಿ ಮತ್ತ'ದ ಅರ್ಥ ಹಂಪಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟಿದ ಬ್ಯಾಗು ಬಿಚ್ಚಿ, ಸೀರೆಗಳು ಮತ್ತೆ ಕಪಾಟು ಸೇರುತ್ತಿದ್ದವು.

ಆಫೀಸಿನಲ್ಲಿ ಪಕ್ಕದ ಮೇಜಿನ ಮಲ್ಲಪ್ಪನ ಮುಂದೆ ಗೋಳು ತೋಡಿಕೊಂಡ. ಮಲ್ಲಪ್ಪ ಊರಿಗೆಲ್ಲ ಸಲಹೆ ಕೊಡುವ ಮನುಷ್ಯ. ಹೆಂಡತಿ ತವರಿಗೆ ಹೋಗಿದ್ದರಿಂದ ಈಗ ಅವನಿಗೆ ಬಿಡುವೂ ಜಾಸ್ತಿ.

"ಹುಚ್ಚರಂಗ ಮಾಡ್ತೀರಲ್ರಿ! ರಿಸಾರ್ಟಿನವರ ಬಾಯಿಲೇನ ಜಾಗ ಇಲ್ಲ ಅನಸ್ರಿ. ನೀವೂ ಕೆಟ್ಟವ್ರಾಗಂಗಿಲ್ಲ, ಕಾಕೂಗೂ ಬೇಜಾರಾಗಂಗಿಲ್ಲ."

ಹಂಪಯ್ಯ ಆಶೆಯಿಂದ ಫೋನು ಹಚ್ಚಿದ. ತನ್ನ ಹೆಸರು ಹೇಳಿ, "ಇನ್ನೊಬ್ಬರನ್ನು ಸೇರಿಸಿದರೆ ನಾಲ್ವರಾಗ್ತಾರೆ, ಆಗೋದಿಲ್ಲ ಅಲ್ವಾ? ಭಾಳ ಇಕ್ಕಟ್ಟಾಗುತ್ತೆ ಅಲ್ವಾ?" ಎಂದು ತೆಲುಗಿನಲ್ಲಿ ಅಂಗಲಾಚಿದ.

"ನಲುಗುರೇ ಕದಾ ಸಾರ್, ನೋ ಪ್ರಾಬ್ಲಂ!" ಎಂದಿತು ಆ ಕಡೆಯ ದನಿ, ಏನನ್ನೂ ನೋಡದೆ, ಏನನ್ನೂ ಬರೆದುಕೊಳ್ಳದೆ. ನಾಲ್ಕು ಮಂದಿ ಆರಾಮಾಗಿ ಹಿಡಿಯುತ್ತಾರಂತೆ. ಐದನೆಯವರಿಗೆ ಮಾತ್ರ ಎಷ್ಟು ಬೇಡಿಕೊಂಡರೂ ಅವಕಾಶವಿಲ್ಲವಂತೆ. ಅತಿಥಿಗೆ ಇಷ್ಟು ಬೇಗ ಒಪ್ಪುವ ಹೋಟೆಲಿನವರನ್ನು ಹಂಪಯ್ಯ ಜನ್ಮದಲ್ಲಿ ಕಂಡಿರಲಿಲ್ಲ.

"ಹಂಗಾರ ಕಾಕೂನ್ನ ಅಂಜಸ್ರಿ" ಎಂದ ಮಲ್ಲಪ್ಪ. "ಅಲ್ಲಿ ಎಲ್ಲಾದ್ರಾಗೂ ಉಳ್ಳಾಗಡ್ಡಿ, ಬೆಳ್ಳೊಳ್ಳಿ ಅಂತ ಹೇಳ್ರಿ. ಶ್ರಾವಣ ಮಾಸ ಐತಿ, ಅವರು ಅದನ್ನ ಬಿಟ್ಟಿರ್ತಾರ."

ಕಾಕು ಫೋನಿನಲ್ಲಿ ನಕ್ಕರು. "ಅದಕ್ಯಾಕ ಚಿಂತಿ ಮಾಡ್ತಿ? ನಿಮಗೂ ಸೇರಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡ ಬರ್ತೀನಿ."

"ಹಂಗಾರ ಈಜುಗೊಳ!" ಎಂದು ಮಲ್ಲಪ್ಪ ಪಿಸುಗುಟ್ಟಿದ. ಹಂಪಯ್ಯ ಗಂಟಲು ಸರಿಮಾಡಿಕೊಂಡ. "ಕಾಕು, ಅಲ್ಲಿ ಹೋದವ್ರು ನೀರಾಗ ಇಳೀಲೇಬೇಕಂತ. ಅದಕ್ಕ ಸೀರಿ ನಡ್ಯಂಗಿಲ್ಲಂತ. ಬ್ಯಾರೆ ಅರಿವೀನ ಹಾಕ್ಕೋಬೇಕಂತ."

ಇನ್ನು ಗೆದ್ದಂತೆಯೇ ಎಂದುಕೊಂಡು ಹಂಪಯ್ಯ ಮಲ್ಲಪ್ಪನತ್ತ ಹೆಬ್ಬೆರಳು ಎತ್ತಿ ತೋರಿಸಿದ.

"ಸಣ್ಣಾಕಿ ಇದ್ದಾಗ ಬಾಂವ್ಯಾಗ ಈಸಿದ್ದು ನೋಡು" ಎಂದರು ಕಾಕು, ಗದ್ಗದ ದನಿಯಲ್ಲಿ. "ಈ ವಯಸ್ಸಿನ್ಯಾಗ ಅದನ್ನೂ ಮತ್ತ ಮಾಡಸಾಕತ್ತಿ. ನಿನ್ನ ಹೊಟ್ಟಿ ತಣ್ಣಗಿರ್ಲಿ ಹಂಪಯ್ಯ. ಆ ಅರಿವಿ ಕೋಠಿ ಬಜಾರದಾಗ ಸಿಗ್ತಾವೇನು? ಸಂಜಿಕ ಕರ್ಕೊಂಡ ಹೋಗಪ್ಪ."

ಹಂಪಯ್ಯ ಹೆಬ್ಬೆರಳು ಮಡಚಿಕೊಂಡ. ಅಷ್ಟಾದರೂ ಇಡೀ ದಿನ ತನಗಾಗಿ ತಲೆ ಕೆಡಿಸಿಕೊಂಡ ಮಲ್ಲಪ್ಪನನ್ನು ಮರೆಯುವಷ್ಟು ಕೃತಘ್ನ ಅವನಲ್ಲ. ಹೊರಡುವಾಗ ಅವನ ಕೈ ಹಿಡಿದು, ಭಾಳ ಉಪಕಾರ ಆತೆಂದು ಬಾಯಿತುಂಬ ನಾಲ್ಕು ಒಳ್ಳೆಯ ಮಾತಾಡಿ ಬಂದ.

ಕೋಠಿಯ ಅಂಗಡಿಯಲ್ಲಿ ಸಂತೆಯಂಥ ಗದ್ದಲ. "ಸೈಜ್ ಕ್ಯಾ ಸಾಬ್?" ಎಂದು ಅಂಗಡಿಯವನು ಕೇಳಿದ. ಕಾಕು ಹಂಪಯ್ಯನನ್ನು ಮೇಲಿಂದ ಕೆಳಗೆ ಅಳೆದರು. "ನೀನೂ ನನ್ನಷ್ಟ ಅದಿ. ನಿನ್ನ ಮೈಮ್ಯಾಲ ಹಿಡಿದು ತೋರ್ಸು, ನೋಡ್ತೀನಿ." ತುಂಬುತೋಳಿನ, ಕಾಲಿನವರೆಗೆ ಇಳಿಯುವ, ಗುಲಾಬಿ ಹೂವಿನ ಉಡುಪನ್ನು ಹಂಪಯ್ಯ ಎದೆಗೆ ಒತ್ತಿಕೊಂಡು ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿದ. ಕನ್ನಡಿಯಲ್ಲಿ ತನ್ನ ಹಿಂದೆ ಇನ್ನೊಂದು ಮುಖ ಕಂಡಿತು. ಮೇಲಿನ ಮನೆಯ ವಾಸುದೇವರಾಯರ ಹೆಂಡತಿ ನಲಿನಿ!

"ಭಾಳ ಒಪ್ತೈತ್ರಿ ನಿಮಗ" ಎಂದಷ್ಟೇ ಹೇಳಿ ಆಕೆ ಮಾಯವಾದಳು.

ಹಂಪಯ್ಯ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕಮಲಾಕ್ಷಿ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಮುಖ ಮಾಡಿ ಕೂತಿದ್ದಳು.

"ಗುಲಾಬಿ ಹೂವಿನ ಅರಿವಿ ಯಾರಿಗ್ರಿ?"

ಹಂಪಯ್ಯ ಅವಳ ಎದುರೇ ನೆಲದ ಮೇಲೆ ಕೂತ. "ತಪ್ಪಾತು ಮಾರಾಯ್ತಿ. ಕಾಕೂನ್ನ ಕರದ್ಬಿಟ್ಟೆ. ಒಲ್ಲೆ ಅಂತಾರ ಅಂತ ಕರದೆ, ಆತು ಅಂದ್ಬಿಟ್ರು. ಬ್ಯಾಗ ಬಿಚ್ಚಬ್ಯಾಡ. ನಿನ್ನ ಚಹಾ ತಪ್ಪಿಸಬೇಕಂತ ಮಾಡಿದ್ದಲ್ಲ."

ಕಮಲಾಕ್ಷಿ ನಗತೊಡಗಿದಳು. ಒಳಗಿನಿಂದ ಶುಭಾಳ ನಗುವೂ ಕೇಳಿತು.

"ಕಾಕೂನ ಹೆಸರು ಸೋಮವಾರನ ಸೇರಿಸೀನ್ರಿ. ರಿಸಾರ್ಟಿಗೆ ಫೋನ್ ಮಾಡಿ ನಾಲ್ಕು ಮಂದಿ ಅಂತ ಹೇಳಿದಾಕಿ ನಾನ."

"ಮತ್ತ ಯಾರನ್ನೂ ಕರೀಬ್ಯಾಡ ಅಂದಿದ್ದಿಯಲ್ಲ?"

"ಉಳಿದದ್ದು ಒಂದ ಜಾಗ. ಅದಕ್ಕ ನೀವು ಇನ್ಯಾರನ್ನರ ತುರುಕಬಾರ್ದಲ್ಲ! ಆದ್ರ ಕಾಕು, ಮನಿ ಯಜಮಾನ ತಾನಾಗಿ ಕರೀಲಿಲ್ಲಂದ್ರ ಬರಂಗಿಲ್ಲ ಅಂತ ಹಟಾ ಹಿಡದ್ರು. ನಾ ಅಂದೆ, ನೀವೇನೂ ಹೇಳಬ್ಯಾಡ್ರಿ, ಸುಮ್ಮನ ಮೆಟ್ಟಲ ಮ್ಯಾಲ ಕುಂದರ್ರಿ, ನಮ್ಮವರು ನಿಮ್ಮನ್ನ ಕರೀಲಾರದ ದಾಟಿ ಹೋಗಂಗಿಲ್ಲ."

ಕಮಲಾಕ್ಷಿಯ ದನಿ ತುಸು ಮೆತ್ತಗಾಯಿತು.

"ಕೊರೊನಾದಾಗ ನಾವು ಮೂವರೂ ಮಲಗಿದ್ದು ನೆನಪೈತೇನ್ರಿ? ಯಾರೂ ಹತ್ರ ಬರ್ತಿದ್ದಿಲ್ಲ. ದಿನಾ ಬಾಗಲಾಗ ಗಂಜಿ ಇಟ್ಟು, ಗಂಟಿ ಬಾರಿಸಿ ಹೋಗತಿದ್ರು ಕಾಕು. ನಮ್ಮ ಮನಿಗೆ ಬಂದವ್ರೆಲ್ಲ ಉಂಡು ಹೋದ್ರು. ನನಗ ಉಣ್ಣಾಕ ಕೊಟ್ಟಾಕಿ ಅಕಿ ಒಬ್ಬಾಕೀನ."

ಹಂಪಯ್ಯನ ಕಣ್ಣು ಒದ್ದೆಯಾಯಿತು. ಇಡೀ ದಿನ ಯಾರನ್ನು ತಪ್ಪಿಸಲು ಒದ್ದಾಡಿದ್ದೆನೆಂದು ನೆನೆದು ನಾಚಿಕೆಯೂ ಆಯಿತು. ಇಂಥ ಹೆಂಡತಿ, ಇಂಥ ನೆರೆ ಸಿಕ್ಕಿದ್ದಕ್ಕೆ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದು ಮಲಗಿದ.

ಬೆಳಿಗ್ಗೆ ಗಾಡಿ ಬಂದು ನಿಂತಿತು. ಕಾಕು ರೊಟ್ಟಿಗಂಟು ಮಡಿಲಲ್ಲಿಟ್ಟುಕೊಂಡು ಕೂತರು, ಪಕ್ಕಕ್ಕೆ ಕಮಲಾಕ್ಷಿ, ಶುಭಾ. ಹಂಪಯ್ಯ ಇನ್ನೇನು ಹತ್ತಬೇಕು, ಆಟೋ ಒಂದು ಬಂದು ನಿಂತಿತು. ಹೊಸ ಬ್ಯಾಗು, ಹೊಸ ಟೋಪಿ, ಹೆಗಲ ಮೇಲೆ ಟಾವೆಲ್ಲು. ಮಲ್ಲಪ್ಪ!

"ತಡಾ ಆಗಲಿಲ್ಲಲ್ರಿ? ನಿನ್ನೆ ಕೈ ಹಿಡಿದು 'ನೀವೂ ಬರ್ರಲ್ಲ' ಅಂದ್ರಿ. ರಾತ್ರಿಯೆಲ್ಲ ವಿಚಾರ ಮಾಡಿದೆ. ಇಷ್ಟು ಪ್ರೀತಿಲೆ ನನ್ನ ಯಾರ ಕರದಾರ? ಬಂದ್ಬಿಟ್ಟೆ!"

ಹಂಪಯ್ಯ ಹೆಂಡತಿಯ ಮುಖ ನೋಡಿದ. ಐದನೆಯವರಿಗೆ ಅವಕಾಶವಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಕಮಲಾಕ್ಷಿ ಸಿಟ್ಟಾಗಲಿಲ್ಲ, ಬ್ಯಾಗೂ ಬಿಚ್ಚಲಿಲ್ಲ. ಬರೀ ಗಂಡನ ಬ್ಯಾಗನ್ನು ಕಿಟಕಿಯಿಂದ ಹೊರಗೆ ಕೊಟ್ಟಳು. "ಕರದವ್ರು ನೀವು, ನೋಡ್ಕೊಳ್ಳವ್ರೂ ನೀವ. ಜ್ವಾಳದ ಹಿಟ್ಟು ಮ್ಯಾಲಿನ ಡಬ್ಬ್ಯಾಗ ಐತಿ."

ಮಧ್ಯಾಹ್ನ ಅವಳ ಫೋನು ಬಂತು. ಹಿಂದೆ ಯಾರೋ ನೀರಿಗೆ ಧುಮುಕಿದ ಸಪ್ಪಳ, ಶುಭಾಳ ಕೇಕೆ. "ಚಹಾ ಕುಂತಲ್ಲೇ ತಂದ್ ಕೊಟ್ರು ರೀ. ಎರಡು ಸಲ. ಭಾಳ ಉಪಕಾರ ಆತು ನಿಮ್ಮಿಂದ" ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳ ದನಿ ಅಷ್ಟು ಹಗುರಾಗಿ ಕೇಳಿದ್ದಿಲ್ಲ. ಹಂಪಯ್ಯನ ಎದೆ ತುಂಬಿ ಬಂತು. ಹೆಂಚಿನ ಮೇಲಿನ ರೊಟ್ಟಿಯೂ ಸೀದು ಹೋಯಿತು.

"ಹಂಪಯ್ಯನವರ, ಇನ್ನೊಂದ್ ಕಪ್ ಚಹಾ ಸಿಗ್ತೈತೇನ್ರಿ?" ಎಂದು ನಡುಮನೆಯಿಂದ ಮಲ್ಲಪ್ಪ ಕೂಗಿದ.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಮೇಲಿನ ಮನೆಯ ವಾಸುದೇವರಾಯರು. "ಏನೋ ಸುಟ್ಟ ವಾಸನಿ ಬರಾಕತ್ತಿತ್ತು, ನೋಡೂಣಂತ ಬಂದೆ. ನಲಿನಿ ತಂಗಿ ಮನಿಗೆ ಹೋಗ್ಯಾಳ, ನಂದಿನ್ನೂ ಊಟಾನ ಆಗಿಲ್ಲ."

ಹಿಟ್ಟು ಮೆತ್ತಿದ ಎರಡೂ ಕೈಗಳಿಂದ ಹಂಪಯ್ಯ ತನ್ನ ಬಾಯಿ ಮುಚ್ಚಿಕೊಳ್ಳಲು ಹೋದ. ಕೈ ಮುಟ್ಟುವುದರೊಳಗೆ ಮಾತು ಹೊರಟುಹೋಗಿತ್ತು.

"ಬರ್ರಿ ಬರ್ರಿ, ಉಣ್ಣೂಣು!"

ವಾಸುದೇವರಾಯರು ಚಪ್ಪಲಿ ಬಿಟ್ಟು ಒಳಗೆ ಬಂದರು.