ನನ್ನ ಮೂಗಿನ ಅವರೆಕಾಳು

ನಮ್ಮೂರಿನಲ್ಲಿ ಪುಟ್ಟಸ್ವಾಮಿಗಳು ಮೂವರು. ಒಬ್ಬ ಟ್ರ್ಯಾಕ್ಟರ್ ಪುಟ್ಟಸ್ವಾಮಿ, ಇನ್ನೊಬ್ಬ ಮೂಲೆಮನೆ ಪುಟ್ಟಸ್ವಾಮಿ. ಮೂರನೆಯವನು ನಾನು, ಬಿ.ಎ. ಓದಿದವನು, ಭಾರತೀನಗರದ ಕಾಲೇಜಿನಲ್ಲಿ ಎರಡು ಸಲ ಭಾಷಣ ಸ್ಪರ್ಧೆ ಗೆದ್ದವನು. ಇಂಥವನಿಗೆ ಊರು ಕೊಟ್ಟ ಬಿರುದು 'ಅವರೆಕಾಳು'! ಕಾರಣ, ನನ್ನ ಮೂಗಿನ ಎಡಮಗ್ಗುಲಲ್ಲಿ ಮೀಸೆ ಬರುವ ಮೊದಲೇ ಬಂದು ಕೂತಿದ್ದ ಒಂದು ನರಹುಲಿ. ನಮ್ಮೂರ ಜನಕ್ಕೆ ದೇವರು ಕಲ್ಪನಾಶಕ್ತಿ ಕೊಟ್ಟಿಲ್ಲ. ಕಂಡದ್ದನ್ನು ಕಂಡ ಹಾಗೇ ಕರೆಯುತ್ತಾರೆ.

ಈ ಸಲ ಹಾಲಿನ ಡೇರಿಯ ಚುನಾವಣೆಗೆ ನಿಂತೆ. ಡೈರೆಕ್ಟರ್ ಆಗಬೇಕೆಂಬುದು ನನ್ನ ಬಹಳ ವರ್ಷದ ಆಸೆ. ಆದರೆ 'ಡೈರೆಕ್ಟರ್ ಅವರೆಕಾಳು' ಅನ್ನಿಸಿಕೊಳ್ಳುವುದುಂಟೆ? ಆದ್ದರಿಂದ ಸದರಿ ಕಾಳನ್ನು ಮತದಾನಕ್ಕೆ ಮುಂಚಿತವಾಗಿ ಮೂಗಿನಿಂದ ಪದಚ್ಯುತಗೊಳಿಸತಕ್ಕದ್ದೆಂದು ನಾನೊಬ್ಬನೇ ಸಭೆ ಸೇರಿ ಸರ್ವಾನುಮತದಿಂದ ತೀರ್ಮಾನಿಸಿದೆ.

"ಅದೇನ್ ನಿಮ್ಮನ್ನ ಉಣ್ಣಕ್ ಕೇಳ್ತದಾ? ಅದ್ರ ಪಾಡ್ಗೆ ಅದಿರ್ಲಿ, ಬುಡಿ ಕನಿ" ಎಂದಳು ಹೆಂಡತಿ ಜಯಮ್ಮ.

"ನಿಂಗ್ ಗೊತ್ತಾಗಕಿಲ್ಲ, ಸುಮ್ಕಿರು. ಇದು ಇಮೇಜಿನ ಪ್ರಶ್ನೆ!"

ಮೊದಲು ಕ್ಷೌರದಂಗಡಿಯವನ ಸಲಹೆ ಬಂತು: ಸುಣ್ಣಕ್ಕೆ ಬಟ್ಟೆಸೋಡಾ ಕಲಸಿ ಹಚ್ಚಬೇಕಂತೆ. ನಾನು ವಿದ್ಯಾವಂತ. ಕಂಡವರು ಹೇಳಿದ್ದನ್ನೆಲ್ಲ ಹಚ್ಚಿಕೊಳ್ಳುವವನಲ್ಲ. ಆದರೂ ಹಚ್ಚಿಕೊಂಡೆ. ಕಾಳು ಕದಲಲಿಲ್ಲ. ಸುತ್ತಲಿದ್ದ ಮೂಗು ಬದನೆಕಾಯಿಯಾಯಿತು!

ಊತ ಇಳಿದ ಮೇಲೆ ಮಂಡ್ಯದ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಭೂತಗನ್ನಡಿ ಹಿಡಿದು ನೋಡಿ, "ಇದು ನರಹುಲಿಯೂ ಅಲ್ಲ, ಬರೀ ಚರ್ಮದ ಗಂಟು. ಅಪಾಯ ಏನಿಲ್ಲ. ತೆಗೀಲೇಬೇಕು ಅಂತಿಲ್ಲ" ಎಂದರು.

"ತೆಗೀರಿ ಮೇಡಂ. ಮತ್ತೆ ಬರಬಾರದು, ಅಷ್ಟೆ."

"ಪೂರ್ತಿ ತೆಗೆದರೆ ಅದೇ ಜಾಗದಲ್ಲಿ ಬರೋದು ಕಮ್ಮಿ. ಬೇರೆ ಕಡೆ ಹೊಸದು ಬರಲ್ಲ ಅಂತ ನಾನು ಮಾತು ಕೊಡಲ್ಲ."

ಎರಡನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. "ಮೂಗಿನ ಮೇಲೆ ಬರಲ್ಲ ತಾನೆ?" ಎಂದು ಮೂರು ಸಲ ಕೇಳಿದೆ. ಮರಗಟ್ಟಿಸುವ ಒಂದು ಸೂಜಿ, ಕರೆಂಟಿನ ಒಂದು ಕಡ್ಡಿ, ಸುಟ್ಟ ವಾಸನೆ. ಕಾಳು ಹೋಯಿತು!

ಮೂಗಿಗೆ ಪಟ್ಟಿ ಹಾಕಿಕೊಂಡೇ ಮತ ಕೇಳಲು ಹೊರಟೆ. ಮೇಲಿನ ಬೀದಿಯಲ್ಲಿ 'ಕುಡಿದು ಬಿದ್ದನಂತೆ' ಅಂದರು. ಕೆಳಗಿನ ಬೀದಿಯಲ್ಲಿ 'ಹೆಂಡತಿ ಇಕ್ಕಿದಳಂತೆ' ಅಂದರು. ಜಯಮ್ಮನನ್ನು ಕೇಳಿದವರಿಗೆ ಅವಳು ಇಲ್ಲ ಎನ್ನಲಿಲ್ಲ.

ಪಟ್ಟಿ ಬಿಚ್ಚಿದ ದಿನವೇ ಮದ್ದೂರಿಗೆ ಹೋಗಿ ಹೊಸ ಮೂಗಿನ ಫೋಟೋ ತೆಗೆಸಿ ಕರಪತ್ರ ಹಾಕಿಸಿದೆ: 'ಬಿ.ಎ. ಪದವೀಧರ ಶ್ರೀ ಪುಟ್ಟಸ್ವಾಮಿ.' ಅವರೆಕಾಳಿನ ಸುದ್ದಿಯೇ ಇಲ್ಲ. ವಿದ್ಯಾವಂತನಿಗೆ ತಕ್ಕುದೆಂದು ಕನ್ನಡಕದ ಗುರುತು ಆರಿಸಿಕೊಂಡೆ. ನನ್ನ ಎದುರಾಳಿ ಟ್ರ್ಯಾಕ್ಟರ್ ಪುಟ್ಟಸ್ವಾಮಿ. ಅವನು ನಾಲ್ಕನೇ ಕ್ಲಾಸು. ಟ್ರ್ಯಾಕ್ಟರ್ ಗುರುತನ್ನೇ ಕೇಳಿ ಪಡೆದ. 'ಪಾಪ, ಹಳ್ಳಿ ಗಮಾರ!' ಎಂದು ಮರುಗಿದೆ.

ಗಮಾರ ಗೆದ್ದ. ನಾನು ಸೋತೆ.

ದಿನಾ ಬೆಳಗ್ಗೆ ಡೇರಿಯಲ್ಲಿ ನನ್ನ ಹಿಂದೆಯೇ ಕ್ಯಾನು ಹಿಡಿದು ನಿಲ್ಲುವ ನಿಂಗಮ್ಮಜ್ಜಿಯನ್ನು ಹೊಟ್ಟೆ ಉರಿಯಿಂದ ಕೇಳಿದೆ: "ನೀನೂ ನಂಗ್ ಓಟ್ ಒತ್ನಿಲ್ವಾ ಅಜ್ಜಿ?"

"ಅಯ್ಯೋ, ನಿಂಗೇ ಒತ್ತಾನ ಅಂತ್ಲೇ ಓಗಿದ್ದೆ ಕನಪ್ಪ! ಚೀಟೀಲಿ ಇಬ್ರು ಪುಟ್ಸಾಮಿ ಅವ್ರೆ ಅಂದ್ರು. ಟ್ಯಾಕ್ಟ್ರು ಯಾರು ಅಂತ ಗೊತ್ತಾಯ್ತು. ಕನ್ನಡಕದೋನು ಯಾವೂರೋನೋ ಕಾಣೆ. ಆ ಪಟದಲ್ಲೂ ಮೂಗ ನೋಡ್ದೆ, ನೀನಲ್ಲ! ಗುರ್ತಿಲ್ದೋನ್ಗೆ ಯಾಕೆ ಅಂತ ಟ್ಯಾಕ್ಟ್ರುಗೇ ಒತ್ಬುಟ್ಟೆ."

ಹೀಗಂದವರು ಒಂಬತ್ತು ಜನ. ನಾನು ಸೋತದ್ದು ಏಳು ಮತದಿಂದ! ಇಂಥ ಬುದ್ಧಿವಂತ ಮತದಾರರನ್ನು ಪಡೆಯಲು ಪುಣ್ಯ ಮಾಡಿರಬೇಕು. ಅವರಿಗಿಂತ ಬುದ್ಧಿವಂತ ಅಭ್ಯರ್ಥಿಯನ್ನು ಪಡೆಯಲು ಅವರೂ ಮಾಡಿರಬೇಕು.

ಹೋಗಲಿ, ಹೆಸರಾದರೂ ಹೋಯಿತೇ? ಈಗಲೂ ಅವರೆಕಾಳೇ. ಮೊದಲು ಹೊಸಬರು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಈಗ 'ಯಾಕೆ ಹಾಗಂತೀರಿ?' ಎಂದು ಕೇಳುತ್ತಾರೆ. ಊರಿನವರು ಸುಣ್ಣ-ಸೋಡಾದಿಂದ ಶುರುಮಾಡಿ ಹೇಳುತ್ತಾರೆ.

ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಆ ಕಾಳು ಮತ್ತೆ ಬರಲಿ ಎಂದು ನಾನೇ ಕಾಯತೊಡಗಿದೆ. ಬೆಳಗ್ಗೆ ಎದ್ದರೆ ಕನ್ನಡಿ, ಮೂಗು. ಕೊನೆಗೆ ಮಂಡ್ಯಕ್ಕೆ ಹೋಗಿ, "ಮೇಡಂ, ಇನ್ನೂ ಬಂದೇ ಇಲ್ಲವಲ್ಲ!" ಎಂದು ದೂರು ಕೊಟ್ಟೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಅಲ್ವಾ ಮೂರು ಸಲ ಕೇಳಿದ್ದು?" ಎಂದರು.

ಹೋದ ಭಾನುವಾರ ಬಚ್ಚಲಲ್ಲಿ ನನ್ನ ಬೆನ್ನು ಉಜ್ಜುತ್ತಿದ್ದ ಜಯಮ್ಮ ಕೂಗಿದಳು: "ಬಂದದೆ ಕನಿ! ಹೊಸ ಕಾಳು ಬಂದದೆ!"

ಸಂತೋಷದಿಂದ ಮೂಗು ಮುಟ್ಟಿಕೊಂಡೆ.

"ಅಲ್ಲಲ್ಲ. ಕಂಕುಳಲ್ಲಿ!"

ಮುಂದಿನ ಚುನಾವಣೆಗೆ ಗುರುತು ಸಿದ್ಧವಾಗಿದೆ. ಅಂಗಿ ಬಿಚ್ಚಿ, ಕೈ ಮೇಲೆತ್ತಿ, ಮನೆಮನೆಗೆ ಹೋಗಿ ಮತ ಕೇಳುವುದೊಂದೇ ಬಾಕಿ!