ಕುವೈತಿನ್ಯಾಗ ಕಾಗಿ ಹುಡುಕಿದ್ದು

ಹಕ್ಕಿಗೂ ನನಗೂ ಜಾತಕ ಕೂಡಂಗಿಲ್ಲ. ಕುವೈತಿಗೆ ಬಂದ ಮ್ಯಾಲೆ ವರ್ಷಕ್ಕೊಮ್ಮೆ, ಅಪ್ಪನ ತಿಥಿ ದಿನ ತಪ್ಪದಂಗ, ಅವು ನನ್ನ ಮಾನ ಕಳೀತಾವ. ನಾನು ಎ.ಸಿ. ರಿಪೇರಿ ಮಾಡಾಂವ. ಐವತ್ತು ಡಿಗ್ರಿ ಬಿಸಿಲಿಗೂ ಅಂಜಂಗಿಲ್ಲ, ಊರಿಂದ ಬರೋ ಅವ್ವನ ಫೋನಿಗೆ ಅಂಜ್ತೀನಿ.

ಅಪ್ಪಗ ಹೋಳಿಗಿ ಅಂದ್ರ ಜೀವ. ಆದ್ರ ಶುಗರ್ ಇತ್ತು. ಕಡೇ ದಿನದಾಗ "ಒಂದ ಹೋಳಿಗಿ ಕೊಡ" ಅಂತ ಕೈ ಮುಗದ್ರೂ ಅವ್ವ ಡಬ್ಬಿ ಮುಚ್ಚಿಟ್ಟಳು. ಅಪ್ಪ ಹೋದ ಮ್ಯಾಲೆ ಅದ ಆಕಿನ್ನ ಕೊರೀತಿತ್ತು. ತಿಥಿ ದಿನ ಎಡಿಯೊಳಗಿನ ಹೋಳಿಗಿ ಕಾಗಿ ತಿಂದ್ರ ಅಪ್ಪನೇ ತಿಂದಂಗ ಅಂತ ಆಕಿ ನಂಬಿಕಿ. ನಾನು ಒಬ್ಬನೇ ಮಗ, ಎಡಿ ಇಡಾಂವ ನಾನ. "ಕಾಗಿ ಮುಟ್ಟಿತೇನೋ?" ಅಂತ ಕೇಳಿ, "ಹೂಂ" ಅನಿಸಿಕೊಳ್ಳೋತನಕ ಅಲ್ಲಿ ಆಕಿ ಊಟ ಮಾಡಂಗಿಲ್ಲ. ಇಲ್ಲಿ ನೋಡಿದ್ರ ಕಾಗೀನ ಕಣ್ಣಿಗೆ ಬೀಳಂಗಿಲ್ಲ!

೧. ರಿಗ್ಗೈ ಮಾಳಿಗಿ

ಮೊದಲನೇ ವರ್ಷ ರಿಗ್ಗೈದಾಗಿನ ನಮ್ಮ ಬಿಲ್ಡಿಂಗಿನ ಮಾಳಿಗಿ ಮ್ಯಾಲೆ ಎಡಿ ಇಟ್ಟು, ನೀರಿನ ಟಾಕಿ ಮರಿಗೆ ನಿಂತು "ಕಾ... ಕಾ..." ಅಂತ ಒದರಿದೆ. ಪಾರಿವಾಳ ಬಂದು, ಬದನೀಕಾಯಿ ಪಲ್ಯ ನೋಡಿ ಹಂಗ ಹೋದವು. ಗೊರವಂಕ ಬಂದು ನನಗ ಬೈದು ಹೋದವು. ಕೆಳಗಿಂದ ಹೆಂಡತಿ ಕರದಳು. ಹೋಗಿ ಬರೂದರಾಗ ತಾಟು ಖಾಲಿ! ಖುಷಿಲೆ ಅವ್ವಗ ಫೋನ್ ಹಚ್ಚಿದೆ.

"ಕಾಗಿ ಮುಟ್ಟಿತು ಬೇ!"

"ಹೋಳಿಗಿ ತಿಂತೇನೋ?"

"ಒಂದು ಚೂರೂ ಬಿಟ್ಟಿಲ್ಲ!"

ಅವ್ವ ಫೋನಿನ್ಯಾಗ ಅತ್ತೇ ಬಿಟ್ಟಳು. ನನಗೂ ಕಣ್ಣಾಗ ನೀರು ಬಂತು. ಫೋನ್ ಇಟ್ಟು ತಿರುಗಿದ್ರ, ವಾಚ್‌ಮನ್ ಬಾಯಿ ಒರಸಿಕೋತ ನಿಂತಾನ.

"ಭಾಯಿ, ಮೀಠಾ ರೋಟಿ ಬಹುತ್ ಅಚ್ಛಾ ಥಾ. ಕಲ್ ಭೀ ರಖನಾ!" ನಾಳೀನೂ ಇಡಬೇಕಂತ!

೨. ರಾಯ್ ಕಂಬ

ಮರುವರ್ಷ ರಾಯ್‌ದಾಗಿನ ನಮ್ಮ ವರ್ಕ್‌ಶಾಪಿಗೇ ಎಡಿ ಕಟ್ಟಿಕೊಂಡು ಹೋಗಿದ್ದೆ. ನನ್ನ ಜೋಡಿ ಕೆಲಸ ಮಾಡೋ ಮಂಗಳೂರಿನ ಗೆಳೆಯ ಓಡಿ ಬಂದ. ಆತ ಕ್ರಿಶ್ಚಿಯನ್, ಆದ್ರ ನನ್ನ ಕಾಗಿ ಚಿಂತಿ ನನಗಿಂತ ಜಾಸ್ತಿ ಆತಗ.

"ಮಾರಾಯ್ರೇ, ಹಿಂದಿನ ಕಂಬದ ಮೇಲೆ ಕಾಗೆ ಕೂತಿದೆ! ಬೇಗ ಬನ್ನಿ!"

ಕಂಬದ ಬುಡಕ್ಕ ಎಡಿ ಇಟ್ಟು ಇಬ್ಬರೂ ಕೈ ಮುಗದು ನಿಂತ್ವಿ. ಕಾಗಿ ರೆಕ್ಕಿ ಬಡೀತಿತ್ತು, ಇಳೀಲಿಲ್ಲ. "ನಾಚಿಕೆ ಅದಕ್ಕೆ, ಆಚೆ ನೋಡಿ" ಅಂದ ಗೆಳೆಯ. ಆಚೆ ನೋಡಿದ್ರ ಫೋರ್‌ಮನ್ ನಿಂತಿದ್ದ! ಏನು ನಡಸೀರಿ ಅಂತ ಗದರಿಸಿದ. ಗೆಳೆಯ ಗಾಬರಿಯಾಗಿ, ಹರಕುಮುರಕು ಅರಬ್ಬಿಯೊಳಗ "ಇವನ ಅಪ್ಪ" ಅಂದು ಮ್ಯಾಲೆ ಕೈ ತೋರಿಸಿದ. ಫೋರ್‌ಮನ್ ಆಕಾಶ ನೋಡಿದ, ನನ್ನ ಮುಖ ನೋಡಿದ. ಹೆಗಲ ಮ್ಯಾಲೆ ಕೈ ಇಟ್ಟು, "ಖಲಾಸ್, ಇವತ್ತು ಕೆಲಸ ಬೇಡ, ಮನೀಗೆ ಹೋಗು" ಅಂದ. ಅಪ್ಪ ಅವತ್ತ ತೀರಿಕೊಂಡಾನ ಅಂತ ತಿಳಕೊಂಡಿದ್ದ, ಪಾಪ.

ಅಷ್ಟರಾಗ ಗಾಳಿ ಬೀಸಿ ಕಾಗಿ ನಮ್ಮ ಕಾಲಿಗೇ ಬಂದು ಬಿತ್ತು. ಕರೀ ಪ್ಲಾಸ್ಟಿಕ್ ಚೀಲ.

"ಕಾಗೆ ಸುಳ್ಳಾದ್ರೇನು ಮಾರಾಯ್ರೇ" ಅಂದ ಗೆಳೆಯ, "ರಜೆ ನಿಜ ಅಲ್ವಾ?"

ಅವತ್ತೂ ಅವ್ವಗ "ಮುಟ್ಟಿತು ಬೇ" ಅಂತನ ಹೇಳಿದೆ.

೩. ಫಿಂಟಾಸ್ ದಂಡಿ

ಮೂರನೇ ವರ್ಷ ಅವ್ವ ವಿಸಿಟ್ ವೀಸಾ ಮ್ಯಾಲೆ ತಾನ ಬಂದಿಳಿದಳು! ತಿಥಿ ದಿನ ಹೋಳಿಗಿ ಮಾಡಿ ಸೆರಗು ಕಟ್ಟಿ ನಿಂತಳು. "ಎಲ್ಲಿ ಐತಿ ನಿನ್ನ ಕಾಗಿ, ತೋರಸು. ಅದು ಮುಟ್ಟೋತನಕ ನಾ ಬಾಯಾಗ ನೀರು ಹಾಕಂಗಿಲ್ಲ."

ರಿಗ್ಗೈ ಮಾಳಿಗಿ ಮ್ಯಾಲೆ ಹನ್ನೆರಡರ ತನಕ ಕಾದ್ವಿ, ಒಂದೂ ಇಲ್ಲ. ಕಾರ್ ತಗೊಂಡು ರಾಯ್ ಸುತ್ತಿದ್ವಿ, ಇಲ್ಲ. ಅವ್ವನ ತುಟಿ ಒಣಗಿತ್ತು. ಸಮುದ್ರದ ಕಡೆ ಹಕ್ಕಿ ಭಾಳ ಅಂತ ಹೆಂಡತಿ ಅಂದದ್ದಕ್ಕ ಫಿಂಟಾಸಿಗೆ ಬಂದ್ವಿ. ದಂಡಿಗೆ ಎಡಿ ಇಟ್ಟೆ. ಅಲ್ಲಿಗೆ ನನ್ನ ಧೈರ್ಯ ಮುಗೀತು.

"ಯವ್ವಾ, ತಪ್ಪಾತು. ಎರಡು ವರ್ಷ ಸುಳ್ಳು ಹೇಳೀನಿ. ಕಾಗಿ ಮುಟ್ಟೇ ಇಲ್ಲ."

ಅವ್ವ ಬಾಯಿ ತಗಿಯೂದರಾಗ ಒಂದು ಬೆಳ್ಳನ ಕಡಲಹಕ್ಕಿ ಸೊಂಯ್ ಅಂತ ಇಳಿದು, ಅನ್ನ, ಪಲ್ಯ ಎಲ್ಲಾ ಬಿಟ್ಟು ಹೋಳಿಗಿಗೇ ಬಾಯಿ ಹಾಕಿತು!

"ಇದು ಕಾಗಿ ಅಲ್ಲ ಬೇ..." ಅಂದೆ.

"ಸುಮ್ನಿರೋ! ಇಲ್ಲೆ ಗಂಡಸ್ರು ಎಲ್ಲಾ ಬಿಳೀ ಅಂಗಿ ಹಾಕ್ಕೊಂಡು ತಿರಗತಾರ. ಈ ಊರಿಗೆ ತಕ್ಕಂಗ ನಿಮ್ಮಪ್ಪಾರೂ ಹಾಕ್ಕೊಂಡು ಬಂದಾರ."

ಅವ್ವನ ಕಣ್ಣಾಗ ನೀರು, ಮುಖದಾಗ ನಗು. "ತಿನ್ರಿ, ಹೊಟ್ಟಿ ತುಂಬ ತಿನ್ರಿ. ಅವತ್ತು ಕೊಡಲಿಲ್ಲಂತ ಸಿಟ್ಟಾಗಬ್ಯಾಡ್ರಿ" ಅಂದಳು. ಹಕ್ಕಿ ಒಂದು ಹೋಳಿಗಿ ನುಂಗಿತು. ಎರಡನೇದೂ ನುಂಗಿತು. ನನ್ನ ಎದಿ ಮ್ಯಾಲಿನ ಕಲ್ಲು ಇಳೀತು.

ಮೂರನೇದಕ್ಕ ಅದು ಕೊಕ್ಕು ಹಾಕಿತ್ತೋ ಇಲ್ಲೋ, ಅವ್ವ ಹಾರಿ ಹೋಗಿ ತಾಟು ಕಸಗೊಂಡು ಸೆರಗಿನಾಗ ಮುಚ್ಚಿದಳು.

"ಸಾಕ್ ಬಿಡ್ರಿ! ಎರಡಾದ್ವು! ಶುಗರ್ ಐತಿ ಅಂತ ಖಬರ್ ಐತೋ ಇಲ್ಲೋ ನಿಮಗ?"