ಹಾಳು ದಾಖಲೆ ಎಂದು ಗೀಚಿದ ಏಳು ಮೀಟರ್

ತನ್ನ ಕೆಲಸವೇನೆಂದು ಒಂದೇ ಮಾತಿನಲ್ಲಿ ಹೇಳಲು ಬಾರದವನು ಮದುವೆಯ ಊಟಕ್ಕೆ ಹೋಗಬಾರದು. ಮಾಸ್ತರ ಎಂದರೆ ಮುಗಿಯಿತು, ಕಿರಾಣಿ ಅಂಗಡಿ ಎಂದರೆ ಮುಗಿಯಿತು. ನಾನು ಮಾಡುವುದು ಮುಂಬೈಯ ಕಚೇರಿಯೊಂದರಲ್ಲಿ ಕೂತು, ಸಮುದ್ರದ ತಳಕ್ಕಿಂತಲೂ ಕೆಳಗೆ ಕೊರೆದ ಎಣ್ಣೆಬಾವಿಗಳ ಲಾಗ್ ಓದುವ ಕೆಲಸ. ನನ್ನ ಹುಟ್ಟೂರಾದ ಹುಮನಾಬಾದಿನ ಒಂದು ಮದುವೆಯಲ್ಲಿ ಇದನ್ನು ವಿವರಿಸಿದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರು, "ಅಂದ್ರ ಬೋರ್ ಪಾಯಿಂಟ್ ನೋಡ್ತೀರಿ ಅನ್ರಿ. ತೆಂಗಿನಕಾಯಿ ಹಿಡೀತೀರೋ, ಬೇವಿನ ಕಡ್ಡಿನೋ?" ಎಂದು ಕೇಳಿದರು. ಎರಡೂ ಅಲ್ಲ ಎಂದೆ. ಅವರಿಗೆ ನನ್ನ ಮೇಲಿದ್ದ ಆಸಕ್ತಿ ಹೋಗಿ ಜಿಲೇಬಿಯ ಮೇಲೆ ಬಂತು.

ಓದುಗರಿಗಾದರೂ ಹೇಳುತ್ತೇನೆ. ಕೊರೆದ ಬಾವಿಯೊಳಗೆ ತಂತಿ ಕಟ್ಟಿ ಉಪಕರಣಗಳನ್ನು ಇಳಿಬಿಡುತ್ತಾರೆ. ಬಂಡೆಯೊಳಗೆ ಸದ್ದು ಎಷ್ಟು ಬೇಗ ಹಾಯುತ್ತದೆ, ವಿದ್ಯುತ್ತಿಗೆ ಎಷ್ಟು ತಡೆಯಿದೆ, ಬಾವಿ ಎಷ್ಟು ಅಗಲವಿದೆ ಎಂದು ಅವು ಅಳೆಯುತ್ತ ಬರುತ್ತವೆ. ಅಳತೆಯ ಗೆರೆಗಳು ಮೂಡಿದ ಉದ್ದನೆಯ ಪಟ್ಟಿಯೇ ಲಾಗ್. ಮರಳುಗಲ್ಲಾದರೆ ಸುಲಭ, ಎಣ್ಣೆ ಕಾಳುಕಾಳಿನ ನಡುವೆ ಕೂತಿರುತ್ತದೆ. ಸುಣ್ಣಕಲ್ಲು ಮಾತ್ರ ಬಲು ಗುಮ್ಮನಗುಸುಕ. ಉದ್ದಕ್ಕೂ ಗಟ್ಟಿ ಕಲ್ಲು, ನಡುವೆ ಎಲ್ಲೋ ಒಂದು ಬಿರುಕು, ಒಂದು ಗವಿ, ಎಣ್ಣೆಯೆಲ್ಲ ಅದರೊಳಗೆ. ಫಜೀತಿ ಏನೆಂದರೆ, ಗವಿ ಬಂದ ಕಡೆ ಅಗಲ ಅಳೆಯುವ ಉಪಕರಣದ ತೋಳುಗಳು ಗೋಡೆ ಸಿಗದೆ ಚಾಚಿಕೊಳ್ಳುತ್ತವೆ, ಉಳಿದ ಗೆರೆಗಳು ಕುಡಿದವರಂತೆ ಓಲಾಡುತ್ತವೆ. ಬಾವಿಯ ಗೋಡೆ ಸುಮ್ಮನೆ ಕುಸಿದಿದ್ದರೂ ಲಾಗು ಹೀಗೇ ಕಾಣುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಬೇಕಾದರೆ ಬಾವಿ ಕೊರೆದವರನ್ನು ಕೇಳಬೇಕು. ಕೊರೆಯುವಾಗ ಸುರಿದ ಕೆಸರುನೀರು ಆ ಆಳದಲ್ಲಿ ಇಂಗಿ ಮಾಯವಾಗಿತ್ತು ಎಂದರೆ ಅಲ್ಲಿ ಗವಿಯಿದೆ ಎಂದು ಅರ್ಥ.

ಕೇಳುವ ಅಭ್ಯಾಸ ನನಗಿರಲಿಲ್ಲ. ನನ್ನ ಬಳಿ ಒಂದು ಕೆಂಪು ಪೆನ್ಸಿಲಿತ್ತು. ಗೆರೆ ಓಲಾಡಿದ ಕಡೆ 'ಹಾಳು ದಾಖಲೆ, ಬಿಡಿ' ಎಂದು ಗೀಚುವುದರಲ್ಲಿ ಇಡೀ ಕಚೇರಿಯಲ್ಲಿ ನನ್ನಷ್ಟು ಚುರುಕಿನವರಿಲ್ಲ. ಒಮ್ಮೆ ಏಳು ಮೀಟರ್ ಹೀಗೆ ಗೀಚಿದಾಗ, ಆ ಬಾವಿ ಕೊರೆದ ಮೇಸ್ತ್ರಿ ಶರಣಪ್ಪ, ನಮ್ಮೂರ ಕಡೆಯ ಮಂಠಾಳದವನೇ, ಬಂದು ಮೇಜಿನ ಮುಂದೆ ನಿಂತ. "ಸಾಹೇಬ್ರ, ಅಲ್ಲಿ ಬಾವಿ ಎರಡು ದಿನ ಕೆಸರು ನುಂಗ್ಯದ. ಹಂಗ ಬಿಡಬ್ಯಾಡ್ರಿ, ಒಮ್ಮೆ ತೆಗೆದು ನೋಡ್ರಿ" ಎಂದ. "ಲಾಗ್ ಓದೋರು ನೀವೋ ನಾನೋ?" ಎಂದೆ. ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಮುಂದೆ ಅವನು ನಿವೃತ್ತನಾದ ಮೇಲೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಬಾವಿ ಕೊರೆದವರ ಹಳೆಯ ರಿಜಿಸ್ಟರಿನಲ್ಲಿ ಕೆಸರು ಇಂಗಿದ್ದನ್ನು ಓದಿ, ಆ ಏಳು ಮೀಟರನ್ನೇ ಪರೀಕ್ಷೆ ಮಾಡಿಸಿದಳು. ಎಣ್ಣೆ ಉಕ್ಕಿತು. ಕಚೇರಿಯಲ್ಲಿ ಪೇಢೆ ಹಂಚಿದರು. ನನಗೂ ಒಂದು ಕೊಟ್ಟರು, ತಿಂದೆ. ಶರಣಪ್ಪನ ನಂಬರ್ ಇವತ್ತಿಗೂ ನನ್ನ ಫೋನಿನಲ್ಲಿದೆ, ಒತ್ತುವ ಧೈರ್ಯವಾಗಿಲ್ಲ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬಸವಕಲ್ಯಾಣದಲ್ಲಿ ನನ್ನ ಅಕ್ಕನಿದ್ದಾಳೆ. ಭಾವನದು ಕಿರಾಣಿ ಅಂಗಡಿ. ನಾನು ಭೂವಿಜ್ಞಾನ ಓದುತ್ತೇನೆ ಎಂದಾಗ "ಕಲ್ಲು ಓದ್ತಾನಂತ ಕಲ್ಲು" ಎಂದು ಮನೆಯವರೆಲ್ಲ ನಕ್ಕರೆ, ಅಂಗಡಿಗೆ ಬೀಗ ಹಾಕಿ ನನ್ನನ್ನು ಕಲಬುರಗಿಯ ಬಸ್ಸು ಹತ್ತಿಸಿ ಕಾಲೇಜಿಗೆ ಸೇರಿಸಿದವರು ಅವರು. ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಎರಡು ವರ್ಷದಿಂದ ಮಾತಿನ ನಡುವೆ ಇದ್ದಕ್ಕಿದ್ದಂತೆ ಮೌನ. ಸ್ವಲ್ಪ ಗರಗರ, ಮತ್ತೆ ಮೌನ. ನಾನು ಎರಡು ಸಲ ಹಲೋ ಎಂದು, ಅಲ್ಲಿಯ ನೆಟ್‌ವರ್ಕೇ ಸರಿಯಿಲ್ಲ ಎಂದು ಬೈದು, ಕಟ್ ಮಾಡುತ್ತಿದ್ದೆ. ಮೂರು ಸಾವಿರ ಮೀಟರ್ ಆಳದ ಬಿರುಕು ಹುಡುಕುವವನ ತೀರ್ಮಾನ ತಾನೆ, ಅನುಮಾನವೇ ಬರಲಿಲ್ಲ.

ಈ ಬೇಸಿಗೆಯಲ್ಲಿ ಹೋದೆ. ಭಾವ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. "ಬರ್ರಿ, ಏನ್ ಕೊಡ್ಲಿ?" ಎಂದರು. ಚೇಷ್ಟೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಒಳಗಿನಿಂದ ಬಂದ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು: "ಎರಡು ವರ್ಷಾತು ತಮ್ಮಾ, ಒಬ್ಬೊಬ್ಬರನ್ನೇ ಮರಿಯಾಕತ್ತಾರ. ಅವರ ಎದುರಿಗೆ ಫೋನಿನ್ಯಾಗ ಹ್ಯಾಂಗ ಹೇಳ್ಲಿ? ನಿನ್ನ ದನಿ ಕೇಳಿದರ ನೆನಪು ಬರ್ತದೇನೋ ಅಂತ ಅವರ ಕೈಯಾಗ ಕೊಡ್ತಿದ್ದೆ. ಅವರು ಕಿವಿಗೆ ಹಿಡ್ಕೊಂಡು ಹುಡುಕ್ತಿದ್ರು. ಅಷ್ಟರಾಗ ನೀ ಕಟ್ ಮಾಡ್ತಿದ್ದಿ."

ನಾನು ಅಂಗಡಿಗೆ ವಾಪಸು ಬಂದು ಭಾವನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಏನು ಕೆಲಸ ಎಂದು ಕೇಳಿದರು. ನೆಲದೊಳಗಿನ ಬಂಡೆಯಲ್ಲಿ ಗವಿ ಎಲ್ಲಿದೆ ಎಂದು ನೋಡುತ್ತೇನೆ ಎಂದೆ. ಅವರ ಮುಖ ಅರಳಿತು. "ನಮ್ಮ ಮನಿಯಾಕಿ ತಮ್ಮನೂ ಅದೇ ಮಾಡ್ತಾನ್ರಿ! ಭಾಳ ಶಾಣ್ಯಾ. ನಾನೇ ಓದಾಕ ಹಾಕೀನಿ" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಅವಂಗ ಪುರಸೊತ್ತು ಇರೂದಿಲ್ಲ ನೋಡ್ರಿ" ಎಂದರು. ಅವರು ನನ್ನ ಪರವಾಗಿ ನನಗೇ ಸಮಾಧಾನ ಹೇಳುತ್ತಿದ್ದರು. ನಾಚಿಕೆಯಾಯಿತು, ದುಃಖವೂ ಆಯಿತು. ಎರಡು ವರ್ಷದ ಹಿಂದೆ ಬಂದಿದ್ದರೆ ಹೆಸರು ಹಿಡಿದು ಬೈಸಿಕೊಳ್ಳಬಹುದಿತ್ತು.

ಈಗ ಭಾನುವಾರ ಫೋನಿನಲ್ಲಿ ಮೌನ ಬಂದರೆ ನಾನು ಕಟ್ ಮಾಡುವುದಿಲ್ಲ. ಹೋದ ವಾರವೂ ಬಂತು. ಭಾವ ಕೇಳುತ್ತಿದ್ದಾರೆಂದು ಎಲ್ಲವನ್ನೂ ಹೇಳಿಕೊಂಡೆ: ಕಲಬುರಗಿಯ ಬಸ್ಸು, ಏಳು ಮೀಟರ್, ಶರಣಪ್ಪನ ಟೋಪಿ. ತಪ್ಪಾಯಿತು ಭಾವ, ಎಂದು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿ ಕಣ್ಣೊರೆಸಿಕೊಂಡೆ. ಆಗ ಅಕ್ಕನ ದನಿ ಕೇಳಿತು. "ಯಪ್ಪಾ, ನೀ ಇನ್ನೂ ಇದ್ದೀಯೇನು? ಅವರು ಫೋನ್ ಬ್ಯಾಳಿ ಚೀಲದ ಮ್ಯಾಲ ಇಟ್ಟು ಯಾವಾಗೋ ಹೊರಗ ಹೋಗ್ಯಾರ. ಇಷ್ಟೊತ್ತು ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಯಾರಿಲ್ಲಕ್ಕಾ" ಎಂದೆ. "ಭಾವಗ ಕರಿ. ಮೊದಲಿಂದ ಹೇಳ್ತೀನಿ."